ರೆಕ್ಕೆ ಕುದುರೆಗೆ ಕಚ್ಚಿದ ನೊಣ

"ಕುದ್ರೆಗೆ ರೆಕ್ಕೆ ಬಂದ್ ದಿವ್ಸ ನಮ್ಮನೇಲೂ ಡಿಗ್ರಿ ಮಾಡ್ತಾರೆ ಬುಡು" ಎಂದವರು ನಮ್ಮ ದೊಡ್ಡಪ್ಪ. ಕುಣಿಗಲ್ಲಿನ ಕುದುರೆ ಲಾಯದಲ್ಲಿ ಕೂದಲು ನರೆಯುವವರೆಗೆ ದುಡಿದವರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರೂ ಅವರೇ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ.

ತುಮಕೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದ ಪುಸ್ತಕ ತೆರೆದರೆ, ಗ್ರೀಕರ ಪುರಾಣದಲ್ಲಿ ರೆಕ್ಕೆಯಿರುವ ಕುದುರೆಯೇ ಸಿಕ್ಕಿತು. ಅವತ್ತು ಬಸ್ಸಿಳಿದವಳೇ ಓಡಿಹೋಗಿ ತೋರಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಕಾಲೆಲ್ಲ ನೆಟ್ಟಗವೆ. ಆದ್ರೆ ಚಿತ್ರದ್ ಕುದ್ರೆ ಲೆಕ್ಕಕ್ಕಿಲ್ಲ ಕಣವ್ವ."

ಆ ಕುದುರೆಯೇ ನನ್ನನ್ನು ಕೆಡವಿತು. ಉಳಿದ ಪೇಪರುಗಳೆಲ್ಲ ಪಾಸಾದವು, ಪ್ರಾಜೆಕ್ಟ್ ಒಂದು ಉಳಿಯಿತು. ಗ್ರೀಕ್ ಕತೆಯೊಂದನ್ನು ಮಕ್ಕಳು ನಗುವ ಹಾಗೆ ಕನ್ನಡದಲ್ಲಿ ಬರೆದು ಶಾಲೆಯಲ್ಲಿ ಓದಬೇಕು. ವಾರ ಬಿಟ್ಟು ನಮ್ಮ ಕಾಲೇಜಿನ ಮೇಡಂ ಬಂದಾಗ ಮಕ್ಕಳೇ ಅದನ್ನು ತಿರುಗಿ ಹೇಳಬೇಕು. ಗುಬ್ಬಿಯ ಒಂದು ಶಾಲೆಯ ಆರನೇ ಕ್ಲಾಸಿನಲ್ಲಿ ನಾನು "ಮಹಾಪರಾಕ್ರಮಿಯಾದ ಯುವಕನೊಬ್ಬನು" ಎಂದು ಶುರು ಮಾಡಿದ್ದೆ. ಗ್ರೀಕರ ಉದ್ದುದ್ದ ಹೆಸರುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದಿದ್ದೆ. ವಾರದ ನಂತರ ಮೇಡಂ, "ಕತೆಯಲ್ಲಿ ಏನು ಚೆನ್ನಾಗಿತ್ತು?" ಎಂದು ಕೇಳಿದರೆ, ಎದುರು ಬೆಂಚಿನ ಹುಡುಗಿ ಎದ್ದು ನಿಂತು, "ಮುಗಿದಿದ್ದು, ಮಿಸ್" ಎಂದಳು.

ಮೇಡಂ ಇನ್ನೊಂದೇ ಅವಕಾಶ ಕೊಟ್ಟರು. ಅದೂ ಕೈತಪ್ಪಿದರೆ ಡಿಗ್ರಿ ಇಲ್ಲ.

ಮನೆಯ ಜಗಲಿಯ ಮೇಲೆ ಕೂತು ಕತೆಯನ್ನು ಒಬ್ಬಳೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಯುವಕ ಆ ಕುದುರೆಯನ್ನು ಪಳಗಿಸುತ್ತಾನೆ, ಅದರ ಮೇಲೇರಿ ಬೆಂಕಿಯುಗುಳುವ ಪ್ರಾಣಿಯನ್ನು ಕೊಲ್ಲುತ್ತಾನೆ. ಆಮೇಲೆ ಸೊಕ್ಕು ಬಂದು ದೇವತೆಗಳ ಮನೆಗೇ ಹಾರಲು ಹೊರಡುತ್ತಾನೆ. ಆಗ ದೇವತೆಗಳ ಒಡೆಯ ಒಂದು ನೊಣವನ್ನು ಕಳಿಸುತ್ತಾನೆ. ಅದು ಕಚ್ಚಿ, ಕುದುರೆ ಕೊಸರಿ, ಸವಾರ ನೆಲಕ್ಕೆ ಬೀಳುತ್ತಾನೆ.

"ತಡಿ ತಡಿ" ಎಂದರು ದೊಡ್ಡಪ್ಪ. ಅವರು ಒಳಗೆ ಕೇಳಿಸಿಕೊಳ್ಳುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. "ನೊಣ ಎಲ್ಲಿ ಕಚ್ತು?"

"ಕುದುರೆಗೆ ಕಚ್ತು ದೊಡ್ಡಪ್ಪ."

"ಕುದ್ರೆ ಏನ್ ಇಷ್ಟೇ ಇಷ್ಟು ಐತಾ? ಬಾಲದ್ ಬುಡದಲ್ಲೇ ಕಚ್ಚಿರ್ತದೆ. ನೆಲದ್ ಮೇಲಾದ್ರೆ ಝಾಡಿಸಿ ಒದ್ದು ಸರಿ ಮಾಡ್ಕೊಳ್ತದೆ. ಆಕಾಶದಲ್ಲಿ ಯಾತಕ್ಕೆ ಒದೀತದೆ, ಮೋಡಕ್ಕಾ?"

ಹೆಗಲ ಮೇಲಿನ ಟವೆಲನ್ನು ಹಿಂದೆ ಬಾಲದಂತೆ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು. ನೊಣ ಕೂತಾಗ ಕುದುರೆಯ ಚರ್ಮ ಹೇಗೆ ಅದುರುತ್ತದೆ, ಕಿವಿ ಹೇಗೆ ಹಿಂದಕ್ಕೆ ಹೋಗುತ್ತದೆ, ಎಲ್ಲ ಮಾಡಿ ತೋರಿಸಿದರು. ಮಂಡಿನೋವಿನ ಮನುಷ್ಯ ಎರಡು ಸಲ ಹಿಂಗಾಲು ಝಾಡಿಸಿದರು. ದೊಡ್ಡಮ್ಮ ಬಾಗಿಲಿಗೆ ಬಂದು, "ಏನ್ ಬಂತು ಇವ್ರಿಗೆ" ಎಂದು ನೋಡಿ ಒಳಗೆ ಹೋದರು.

"ಬೇವಿನೆಣ್ಣೆ ಹಚ್ಚಿದ್ರೆ ನೊಣ ಹತ್ರಾನೇ ಸುಳೀತಿರಲಿಲ್ಲ" ಎಂದರು ಏದುಸಿರು ಬಿಡುತ್ತಾ. "ಹತ್ತಿ ಕೂರೋದು ಕಲ್ತವ್ನೆ, ಮೈ ಉಜ್ಜೋದು ಕಲ್ತಿಲ್ಲ. ಬೀಳ್ದೆ ಇನ್ನೇನ್ ಮಾಡ್ತಾನೆ?"

ಬರೆದಿದ್ದನ್ನೆಲ್ಲ ಹರಿದು ಹಾಕಿದೆ. ಈ ಸಲ ಕತೆ ನೊಣದಿಂದ ಶುರುವಾಯಿತು. ದೇವತೆಗಳ ಒಡೆಯ ಅದನ್ನು ಕರೆಸಿ ಕೆಲಸ ಒಪ್ಪಿಸುತ್ತಾನೆ. ಅದು, "ಅಷ್ಟ್ ಎತ್ತರಕ್ಕೆ ನನ್ ಕೈಲಿ ಹಾರಕ್ಕಾಗಲ್ಲ ಸ್ವಾಮಿ, ಬಾಲ ಹಿಡ್ಕೊಂಡ್ ಹೋಗ್ತೀನಿ" ಎನ್ನುತ್ತದೆ. ಉದ್ದ ಹೆಸರುಗಳು ಒಂದೂ ಇರಲಿಲ್ಲ, ದೊಡ್ಡಪ್ಪ ಹೇಳಿದ್ದೆಲ್ಲ ಇತ್ತು. ಗುಬ್ಬಿಯ ಅದೇ ಕ್ಲಾಸಿನಲ್ಲಿ ಓದುವಾಗ ನಾನೂ ದುಪಟ್ಟಾವನ್ನು ಬಾಲ ಮಾಡಿಕೊಂಡೆ. ನಾಚಿಕೆಯಾಗಿತ್ತು, ಆದರೆ ಮಕ್ಕಳು ಬೆಂಚು ಬಡಿದು ನಕ್ಕರು.

ವಾರದ ನಂತರ ಮೇಡಂ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ಮಕ್ಕಳು ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಪೂರ್ತಿ ಕತೆ ಹೇಳಿದರು.

"ಸವಾರ ಮಾಡಿದ ತಪ್ಪೇನು?" ಎಂದು ಮೇಡಂ ಕೇಳಿದರು. ಸೊಕ್ಕು ಎಂಬ ಉತ್ತರ ಅವರ ಕಾಗದದಲ್ಲಿ ಬರೆದಿತ್ತು.

ಅದೇ ಎದುರು ಬೆಂಚಿನ ಹುಡುಗಿ ಎದ್ದಳು. "ಕುದ್ರೆಗೆ ಬೇವಿನೆಣ್ಣೆ ಹಚ್ಚಲಿಲ್ಲ, ಮಿಸ್."

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಹೊರಗೆ ಬಂದ ಮೇಲೆ, "ಬೇವಿನೆಣ್ಣೆ ಯಾವ ಪುಸ್ತಕದಲ್ಲಿತ್ತಮ್ಮ?" ಎಂದು ಕೇಳಿದರು. ನಮ್ಮ ದೊಡ್ಡಪ್ಪ ಹೇಳಿದ್ದು ಎಂದೆ. ಪಾಸು ಮಾಡಿದರು.

ಸರ್ಟಿಫಿಕೇಟ್ ತರುವ ದಿನ ದೊಡ್ಡಪ್ಪನೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ತುಮಕೂರಿಗೆ ಬಂದರು. ಆಫೀಸಿನ ಕಿಟಕಿಯಲ್ಲಿ ಸಹಿ ಮಾಡಿ ತೆಗೆದುಕೊಂಡು, ನಾನು ಓದುವ ಮೊದಲೇ ಅವರ ಕೈಗೆ ಕೊಟ್ಟೆ. ಎರಡೂ ಕೈಯನ್ನು ಟವೆಲಿಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದರು. ಅಷ್ಟು ಹೊತ್ತು ಅವರು ಯಾವ ಕಾಗದವನ್ನೂ ನೋಡಿದ್ದು ನಾನು ಕಂಡಿಲ್ಲ.

"ಸರಿ ಕಣವ್ವ, ರೆಕ್ಕೆ ಬಂತು ಅಂತ ಒಪ್ಕೊಂಡೆ" ಎಂದರು. "ಈಗಾದ್ರೂ ಹೇಳು, ಆ ರೆಕ್ಕೆ ಇಟ್ಕೊಂಡು ಸವಾರ ಕೂರೋ ಜೀನು ಎಲ್ಲಿ ಕಟ್ತಿದ್ರು?"