ಅವ್ವನ ಗಂಗಾಳದ ಕತ್ತಿ

ವಿಜಯದಶಮಿಯ ಸಂಜೆ ಬನ್ನಿಮರದ ಮುಂದೆ ನೆಟ್ಟ ಬಾಳೆಕಂಬವನ್ನು ವೀರಭದ್ರನ ಕತ್ತಿಯಿಂದ ಒಂದೇ ಏಟಿಗೆ ಉರುಳಿಸುವುದಕ್ಕೆ ನಮ್ಮ ಕಡೆ ಅಂಬು ಕಡಿಯುವುದು ಎನ್ನುತ್ತೇವೆ. ನಮ್ಮೂರಲ್ಲಿ ಆ ಹಕ್ಕು ಗೌಡರಾದ ನಮ್ಮಪ್ಪನದು. ಅಪ್ಪ ಎಂದೂ ತಪ್ಪಿದವರಲ್ಲ. ಯುದ್ಧ ನಡೆಯುತ್ತಿದ್ದಾಗ ಒಂದು ವರ್ಷ ಮಾತ್ರ ಕತ್ತಿ ಕಂಬದ ಅರ್ಧಕ್ಕೇ ಸಿಕ್ಕಿಕೊಂಡಿತು. ಎಳೆದು ಮತ್ತೆ ಹೊಡೆಯಬೇಕಾಯಿತು. ಗುಂಪಿನಲ್ಲಿ ಯಾರೋ "ಗೌಡ್ರ ತೋಳಿಗೆ ವಯಸ್ಸಾತು" ಅಂದರು. ಅಂದವನ ಮುಖ ಕಂಡಿದ್ದರೆ ನಾನೇ ನಾಲ್ಕು ಮಾತು ಆಡುತ್ತಿದ್ದೆ.

ಅಪ್ಪ ಮನೆಗೆ ಬಂದು ಪೇಟ ತೆಗೆದಿಟ್ಟರು. "ಬರೋ ವರ್ಷಾನೂ ಹಿಂಗೇ ಆದ್ರೆ ಕತ್ತಿ ನನ್ ತಮ್ಮನ ಕೈಗೆ ಕೊಟ್ಟು ಸುಮ್ನೆ ಕೂರ್ತೀನಿ" ಅಂದರು. ಅವರು ಬಾಯಿಮಾತಿಗೆ ಏನನ್ನೂ ಆಡುವವರಲ್ಲ. ಅವ್ವ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ತಪ್ಪು ತೋಳಿನದಲ್ಲ, ಕತ್ತಿಯದು. ಯಾವ ಕಾಲದ್ದೋ ಕಂಚಿನ ಕತ್ತಿ. ಅಂಚು ಸವೆದು, ಹಿಡಿಯ ಹತ್ತಿರ ಬಿರುಕು ಬಿಟ್ಟಿತ್ತು. ಅದನ್ನು ಕರಗಿಸಕೂಡದು, ಅದರಂತೆಯೇ ಇನ್ನೊಂದು ಮಾಡಿಸಿ ಎಂದರು ಪೂಜಾರಿ. ಯುದ್ಧದ ದೆಸೆಯಿಂದ ಆಗ ಕಂಚು ಸಿಗುವುದೇ ಕಷ್ಟ. ಅವ್ವ ಅಟ್ಟದಿಂದ ತನ್ನ ತವರಿನ ಕಂಚಿನ ಗಂಗಾಳ ಇಳಿಸಿ ಅಪ್ಪನ ಮುಂದಿಟ್ಟಳು. ಚಿಕ್ಕಂದಿನಿಂದ ಉಂಡ ತಟ್ಟೆ. ಮುಖ ಗಂಟಿಕ್ಕಿಕೊಂಡೇ ಇಟ್ಟಳು, ಆದರೆ ಇಟ್ಟಳು.

ಮರುವರ್ಷ ದಸರೆಗೆ ನಾನು ಸಂತೇಬೆನ್ನೂರಿನ ಗಂಡನ ಮನೆಯಿಂದ ಬಂದಾಗ ಹೊನ್ನಾಳಿಯ ಕಂಚುಗಾರರು ನಮ್ಮ ಜಗಲಿಯ ಮೇಲೆ ಕೂತಿದ್ದರು. ಕತ್ತಿಯನ್ನು ತಮ್ಮೂರಲ್ಲೇ ಎರಕ ಹೊಯ್ದು ತಂದಿದ್ದರು. ಅಂಚೆಲ್ಲ ಒರಟು, ಬಣ್ಣ ಮಂಕು. ನನಗಂತೂ ಅದು ಕತ್ತಿ ಅನ್ನಿಸಲೇ ಇಲ್ಲ. ಹಳೆಯ ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು, ಮತ್ತೆ ಮತ್ತೆ ಅಳೆದು ನೋಡುತ್ತ, ಅರದಿಂದ ಉಜ್ಜಿ ಉಜ್ಜಿ ಅದರ ಮೈ ಬಿಡಿಸಿದರು. ಆಮೇಲೆ ಕಡಿಯುವ ಅಂಚಿನ, ಅಂದರೆ ಕತ್ತಿಯ ಬಾಯಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿಯತೊಡಗಿದರು.

"ಕಾಸದೆ ಬಡಿತೀರಲ್ಲ?" ಅಂದೆ.

"ಕಬ್ಬಿಣ ಆದ್ರೆ ಕಾಸಿ ನೀರಿಗೆ ಅದ್ದಬೇಕು ತಾಯಿ. ಕಂಚನ್ನ ತಣ್ಣಗಿದ್ದಾಗ್ಲೇ ಬಡಿಬೇಕು. ಹಂಗೆ ಬಡಿದ್ರೇನೇ ಬಾಯಿ ಗಟ್ಟಿ ಆಗಾದು."

ಕೊನೆಗೆ ಸಾಣೆಕಲ್ಲಿಗೆ ನೀರು ಚಿಮುಕಿಸಿ ಮಸೆದರು. ಎಷ್ಟು ಸಮಾಧಾನ ಆ ಕೈಗೆ! ಅಷ್ಟು ಚಂದದ ಕೆಲಸವನ್ನು ನಾನು ಅದುವರೆಗೆ ನೋಡಿರಲಿಲ್ಲ ಅನ್ನಿಸಿತು. ಆಯುಧಪೂಜೆಯ ಹಿಂದಿನ ದಿನ ಕೆಲಸ ಮುಗಿಸಿ, ಉಂಡು, ಗಾಡಿ ಹತ್ತಿ ಊರಿಗೆ ಹೊರಟರು.

ಅವರು ಹೋದದ್ದೇ ತಡ, ಅವ್ವ ಕತ್ತಿಯನ್ನು ಬಚ್ಚಲಿಗೆ ಒಯ್ದಳು. ಬೆಳಗದ ಪಾತ್ರೆ ನಮ್ಮ ಮನೆಯಿಂದ ದೇವರ ಮುಂದೆ ಹೋದದ್ದೇ ಇಲ್ಲ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ತನ್ನ ಗಂಗಾಳವನ್ನು ಬೆಳಗುತ್ತಿದ್ದಂತೆಯೇ ತಿಕ್ಕಿದಳು. ಬಾಯಿಯನ್ನೂ ಬಿಡಲಿಲ್ಲ. ಕತ್ತಿ ಬಂಗಾರದಂತೆ ಹೊಳೆಯಿತು. ಮರುದಿನ ಪೂಜೆಯಲ್ಲಿ ಎಲ್ಲರೂ ಹೊಗಳುವವರೇ.

ದಶಮಿಯ ಬೆಳಿಗ್ಗೆ ಅಪ್ಪ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಮ್ಮೆ ಆಡಿಸಿದರು. "ಇದು ಮೊಂಡಾಗೈತಲ್ಲೇ" ಅಂದರು ಮೆಲ್ಲಗೆ. ಬಚ್ಚಲ ಕಡೆ ನೋಡಿದ ಅವ್ವನಿಗೆ, ತಾನು ತಿಕ್ಕಿದ ಇಟ್ಟಿಗೆ ಪುಡಿಯೇ ಹರಿತ ತಿಂದಿದೆ ಎಂದು ಹೊಳೆಯಿತು. ತಲೆತಲಾಂತರದಿಂದ ಹಳೆಯ ಕತ್ತಿ ಯಾಕೆ ಸವೆಯುತ್ತ ಬಂದಿತ್ತು ಎನ್ನುವುದೂ ನಮಗೆ ಆಗಲೇ ತಿಳಿದದ್ದು. ಕಂಚುಗಾರರನ್ನು ಸಂಜೆಯೊಳಗೆ ಹೊನ್ನಾಳಿಯಿಂದ ಕರೆಸುವ ಮಾತೇ ಇರಲಿಲ್ಲ.

ಇನ್ನೊಬ್ಬಳಾಗಿದ್ದರೆ ಮೂಲೆ ಹಿಡಿದು ಅಳುತ್ತಿದ್ದಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕೊಡ್ರಿ ಇಲ್ಲಿ. ನಾನು ಮಸೀತೀನಿ."

"ದೇವರ ಕತ್ತಿ ಕಣೇ ಅದು, ಈಳಿಗೆ ಅಲ್ಲ."

"ಕಡಿಯಾದು ಬಾಳೆದಿಂಡು ತಾನೆ? ನಾನು ಪಲ್ಯಕ್ಕೆ ಹೆಚ್ಚಾದೂ ಅದನ್ನೇ."

ಅಪ್ಪ ಕತ್ತಿಯನ್ನು ಅವಳ ಕೈಗೆ ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ.

ಬಾವಿಕಟ್ಟೆಯ ನುಣುಪು ಕಲ್ಲಿನ ಮೇಲೆ ಅವ್ವ ಯಾವಾಗಲೂ ಈಳಿಗೆ ಮಸೆಯುತ್ತಿದ್ದಳು. ಅಲ್ಲೇ ಕೂತಳು. ನಾನು ನೀರು ಬಿಡುತ್ತಿದ್ದೆ. ಭಾರ ಹಾಕಲಿಲ್ಲ, ಅವಸರ ಮಾಡಲಿಲ್ಲ. ಒಂದೇ ಓರೆಯಲ್ಲಿ ಹಿಡಿದು ಹಿಡಿಯಿಂದ ತುದಿಯವರೆಗೆ ಎಳೆದಳು, ಮಗ್ಗುಲು ಬದಲಿಸಿ ಮತ್ತೆ ಎಳೆದಳು. ಜಗಲಿಯ ಮೇಲೆ ಕಂಡ ಸಮಾಧಾನವೇ ಇಲ್ಲೂ ಇತ್ತು. ಇಷ್ಟು ದಿನ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಬಿಸಿಲು ನೆತ್ತಿಗೇರುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ದೀಪದ ಬತ್ತಿಯ ಒಂದು ಎಳೆಯನ್ನು ಬಾಯಿಯ ಮೇಲೆ ಇಳಿಬಿಟ್ಟಳು. ಎಳೆ ಎರಡಾಯಿತು. ಕತ್ತಿ ಒರೆಸಿ ಕಣ್ಣಿಗೊತ್ತಿಕೊಂಡು ಅಪ್ಪನ ಕೈಗೆ ಕೊಟ್ಟಳು.

ಸಂಜೆ ಬನ್ನಿಮರದ ಹತ್ತಿರ ಇಡೀ ಊರೇ ಸೇರಿತ್ತು. ಹೆಂಗಸರು ಹಿಂದೆ ನಿಂತಿದ್ದೆವು. ಅವ್ವ ನನ್ನ ತೋಳನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಅಪ್ಪ ಬೀಸಿದರು. ಕಂಬ ಇದ್ದಹಾಗೇ ನಿಂತಿತ್ತು. ಯಾರೋ ಅಯ್ಯೋ ಅಂದರು. ಅಷ್ಟರಲ್ಲಿ ಅದರ ಮೇಲ್ಭಾಗ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು.

ಹರಹರ ಎಂಬ ಕೂಗು ಅಡಗಿದ ಮೇಲೆ ಹಿರಿಯರೊಬ್ಬರು, "ಗೌಡ್ರೇ, ತೋಳು ಅಂದ್ರೆ ಇದಪ್ಪಾ!" ಅಂದರು. ಮತ್ತೆ ಅದೇ ತೋಳು! ನನಗೆ ರೇಗಿತು.

ಅಪ್ಪ ಕತ್ತಿಯನ್ನು ಎತ್ತಿ ಹಿಡಿದರು. ನಾಲ್ಕು ಜನರ ನಡುವೆ ಹೆಂಡತಿಯ ಸುದ್ದಿ ಎಂದೂ ಎತ್ತಿದವರಲ್ಲ.

"ತೋಳಿಂದೇನೂ ಇಲ್ರಪ್ಪ. ಕಂಚು ನಮ್ಮನೆಯಾಕಿದು, ಮಸೆದಾಕಿನೂ ಅವಳೇ. ನಾನು ಬೀಸಿದ್ದಷ್ಟೇ."

ಊರಿಗೆ ಊರೇ ಹೆಂಗಸರ ಕಡೆ ತಿರುಗಿತು. "ಎಲ್ಲಾರ ಮುಂದೆ ಏನಂತ ಆಡ್ತಾರೋ!" ಎಂದು ಗೊಣಗುತ್ತ ಅವ್ವ ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ನನ್ನ ತೋಳನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.