ಬರ್ತೇನೆ ಎಂದವನು

ಕೊರಗಪ್ಪನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರು ಅರಬ್ಬರ ನಾಡಿನ ತಬೂಕಿನಲ್ಲಿ ಯಾರೂ ಇಲ್ಲ. ಊಟಕ್ಕೆ ಕರೆದರೆ ‘ನೋಡುವಾ’, ಕ್ರಿಕೆಟಿಗೆ ಜನ ಕಡಿಮೆ ಬಿದ್ದರೆ ‘ಬರುವಾ’, ಕೆಟ್ಟ ಮೋಟರು ಇವತ್ತೇ ಸರಿಯಾಗಬೇಕೆಂದರೆ ‘ಆಯ್ತು’. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೋಸ ಮಾಡುವ ಮನುಷ್ಯನಲ್ಲ. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾಣೆಮಂಗಳೂರಿನಲ್ಲಿರುವ ಹೆಂಡತಿ ಅಮ್ಮಣ್ಣಿ ಇದನ್ನು ಮದುವೆಯಾದ ವರ್ಷವೇ ಕಂಡುಕೊಂಡಿದ್ದಳು. “ನಿಮ್ಮ ಬರ್ತೇನೆ ನಂಬಿ ಅಕ್ಕಿ ನೆನೆ ಹಾಕಿದ್ರೆ, ಹಿಟ್ಟು ಹುಳಿ ಬಂದು ಪಾತ್ರೆಯಿಂದ ಹೊರಗೆ ಬರ್ತದೆ. ನೀವು ಬರುವುದಿಲ್ಲ” ಎನ್ನುತ್ತಿದ್ದಳು.

ಇಂಥವನಿಗೆ ನಮ್ಮ ಕರಾವಳಿಯ ಪದ್ಧತಿಯೊಂದು ದೊಡ್ಡ ಅನುಕೂಲವಾಗಿ ಒದಗಿತ್ತು. ನಮ್ಮಲ್ಲಿ ಎದ್ದು ಹೊರಟವನು ‘ಹೋಗ್ತೇನೆ’ ಎನ್ನುವಂತಿಲ್ಲ, ಅದು ಅಪಶಕುನ. ‘ಬರ್ತೇನೆ’ ಎಂದೇ ಹೇಳಬೇಕು. ತುಳುವಿನಲ್ಲಿ ‘ಬರ್ಪೆ’ ಎಂದರೂ ಸಂಗತಿ ಅದೇ. ಬರುವವನೂ ಬರ್ತೇನೆ ಎನ್ನುತ್ತಾನೆ, ಹೋಗುವವನೂ ಬರ್ತೇನೆ ಎನ್ನುತ್ತಾನೆ. ಯಾವುದು ಯಾವುದೆಂದು ಕೇಳಿದವನು ತಿಳಿದುಕೊಳ್ಳಬೇಕು. ಆ ಒಂದು ಮಾತಿನ ಮರೆಯಲ್ಲಿ ಕೊರಗಪ್ಪ ಐವತ್ತಾರು ವರ್ಷ ಸುಖವಾಗಿಯೇ ಬದುಕಿದ್ದ.

ತಬೂಕಿನಿಂದ ತೈಮಾದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ದೊಡ್ಡ ತೋಟವಿದೆ. ಗೋಧಿ, ಆಲೂಗಡ್ಡೆ, ಈರುಳ್ಳಿ ಬೆಳೆಯುತ್ತಾರೆ. ಅಲ್ಲಿ ಪಿವೋಟ್ ನೋಡಿಕೊಳ್ಳುವುದು ಕೊರಗಪ್ಪನ ಕೆಲಸ. ಪಿವೋಟ್ ಎಂದರೆ ಚಕ್ರಗಳ ಮೇಲೆ ನಿಂತು, ನಡುವಿನ ಒಂದು ಕಂಬದ ಸುತ್ತ ಮೆಲ್ಲಗೆ ತಿರುಗುತ್ತಾ ನೀರು ಚಿಮುಕಿಸುವ ಉದ್ದದ ಕೊಳವೆ. ಯಾವ ತೂತು ಕಟ್ಟಿದೆ, ಯಾವ ಚಕ್ರ ಹೂತಿದೆ ಎಂದು ನೋಡುತ್ತಾ ಅದರ ಜೊತೆಗೇ ನಡೆಯಬೇಕು. ವರ್ಷಗಟ್ಟಲೆ ಹೀಗೆ ನಡೆದು ಅವನ ಕಾಲು ಮರದ ಕೊರಡಿನ ಹಾಗಾಗಿತ್ತು. “ನಾನು ನಡೆದ ದೂರವನ್ನು ನೀಟ ಹಿಡಿದಿದ್ರೆ ಪಾಣೆಮಂಗಳೂರಿಗೆ ನಾಲ್ಕು ಸಲ ಹೋಗಿ ಬರಬಹುದಿತ್ತು. ಸುತ್ತು ಹೊಡೆದದ್ದಕ್ಕೆ ಇಲ್ಲೇ ಇದ್ದೇನೆ” ಎಂದು ನಗುತ್ತಿದ್ದ.

ಈ ನಗುವಿಗೆ ಜೊತೆಯಾಗುತ್ತಿದ್ದವರು ಅಬ್ದುಲ್ ಅಝೀಝ್. ಉಪ್ಪಿನಂಗಡಿಯವರು, ಅರವತ್ತು ದಾಟಿದವರು. ತೋಟದ ಗೇಟಿನ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ವೀಸಾ ಕೊಟ್ಟ ಅರಬ್ಬಿ ಧಣಿ, ಕಫೀಲನ ಹೆಸರಿನ ಬಕಾಲಾ, ಅಂದರೆ ದಿನಸಿ ಅಂಗಡಿ, ನಡೆಸುತ್ತಿದ್ದರು. ಕೊರಗಪ್ಪನಿಗೆ ಅವರು ಅಝೀಝಾಕ. ಸಂಜೆಯ ಸುಲೈಮಾನಿ ಚಹಾ ಅಲ್ಲೇ, ಊರಿನ ಸುದ್ದಿ ಅಲ್ಲೇ. ಉಪವಾಸದ ನೋಂಬು ತಿಂಗಳಲ್ಲಿ ಅಝೀಝಾಕನಿಗಿಂತ ಮೊದಲು ಸಮೋಸದ ತಟ್ಟೆಯ ಮುಂದೆ ಬಂದು ಕೂತಿರುತ್ತಿದ್ದವನು ಕೊರಗಪ್ಪನೇ.

ಎರಡು ವರ್ಷದ ಹಿಂದೆ ಅಝೀಝಾಕನ ಮೊಮ್ಮಗಳು ದುಆ ಹೃದಯದಲ್ಲಿ ತೂತು ಇಟ್ಟುಕೊಂಡೇ ಹುಟ್ಟಿತು. ಮಂಗಳೂರಿನಲ್ಲಿ ಆಪರೇಷನ್ ನಡೆಯುವ ದಿನ ಅಝೀಝಾಕ ಅಂಗಡಿಯ ಷಟರು ಅರ್ಧ ಎಳೆದು, ಅಕ್ಕಿ ಚೀಲದ ಮೇಲೆ ಕೂತು, ಮಗು ಉಳಿದರೆ ತಬೂಕಿನಿಂದ ಮದೀನಕ್ಕೆ ನಡೆದು ಬರುತ್ತೇನೆಂದು ನೇರ್ಚೆ ಹೇಳಿಕೊಂಡರು. ನಮ್ಮ ಹರಕೆಯೇ ಅವರ ನೇರ್ಚೆ. ಮಗು ಉಳಿಯಿತು. ಈಗ ಓಡಾಡುತ್ತಾ ಮನೆಯ ಬೆಕ್ಕಿನ ಬಾಲ ಎಳೆಯುತ್ತದೆಯಂತೆ.

ತಬೂಕಿನಿಂದ ಮದೀನಕ್ಕೆ ಹತ್ತಿರ ಹತ್ತಿರ ಏಳುನೂರು ಕಿಲೋಮೀಟರು. ಮಸೀದಿಯ ಉಸ್ತಾದರು, ನಡೆಯಬೇಕೆಂದೇನೂ ಇಲ್ಲ, ಬಸ್ಸಿನಲ್ಲಿ ಹೋದರೂ ಅಲ್ಲಾಹನಿಗೆ ತಿಳಿಯುತ್ತದೆ ಎಂದರು. “ನೇರ್ಚೆ ಹೇಳಿದ್ದು ನಾನಲ್ವಾ ಮಾರಾಯ, ಉಸ್ತಾದರಲ್ಲವಲ್ಲ” ಎಂಬುದು ಅಝೀಝಾಕನ ಉತ್ತರ. ಊರಿಗೆ ಕಾಯಂ ಹೊರಡುವ ದಿನವೂ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ನೇರ್ಚೆ ತೀರಬೇಕು.

ಒಂದೇ ತೊಡಕು. ಅಝೀಝಾಕನಿಗೆ ಹಳೆಯ ಸಕ್ಕರೆ ಕಾಯಿಲೆ, ಅಂಗಾಲಿಗೆ ಸ್ಪರ್ಶವೇ ಇರಲಿಲ್ಲ. ಮೊಳೆ ಚುಚ್ಚಿದರೂ ಗೊತ್ತಾಗದು. ಬಗ್ಗಿ ನೋಡೋಣವೆಂದರೆ ಹೊಟ್ಟೆ ಬಿಡದು, ಕಣ್ಣೂ ಮಂಜು. ಡಾಕ್ಟರು ಖಂಡಿತವಾಗಿ ಹೇಳಿದ್ದರು: ನಡೆಯುವುದಾದರೆ ದಿನಾ ಸಂಜೆ ಇನ್ನೊಬ್ಬರು ಕಾಲಿನ ಅಡಿ ನೋಡಲೇಬೇಕು, ಒಂದು ಗುಳ್ಳೆ ಎದ್ದರೂ ನಿಲ್ಲಿಸಬೇಕು.

“ನಾನಿದ್ದೇನಲ್ಲ” ಎಂದ ಕೊರಗಪ್ಪ. “ಹರಮ್ ಗಡಿಯ ಬೋರ್ಡಿನವರೆಗೆ ನಾನು, ಅದರಾಚೆ ಮುಸ್ಲಿಮರಲ್ಲದವರನ್ನು ಬಿಡುವುದಿಲ್ಲವಲ್ಲ. ಅಲ್ಲಿಂದ ಮುಂದೆ ನೀವು ಮತ್ತು ನಿಮ್ಮ ದೇವರು.”

ಹೇಳುವಾಗ ಅವನಿಗೆ ನಿಜವಾಗಿಯೂ ಹೋಗುವ ಮನಸ್ಸಿತ್ತು. ಇದನ್ನು ಅವನ ಪರವಾಗಿ ಹೇಳಲೇಬೇಕು. ಒಂದು ತಿಂಗಳು ಇಬ್ಬರೂ ಸಂಜೆ ಹೆದ್ದಾರಿಯ ಅಂಚಿನಲ್ಲಿ ನಡೆದು ಅಭ್ಯಾಸ ಮಾಡಿದರು. ಅದೇ ಒಂದು ತಮಾಷೆ. ಆ ನಾಡಿನಲ್ಲಿ ರಸ್ತೆಯಲ್ಲಿ ನಡೆಯುವವನನ್ನು ಕಂಡರೆ ಗಾಡಿಯವರಿಗೆ ಸುಮ್ಮನೆ ಹೋಗಲು ಮನಸ್ಸು ಬರುವುದಿಲ್ಲ. ಪಿಕಪ್ಪು, ಲಾರಿ, ಕಾರು, ಎಲ್ಲರೂ ನಿಲ್ಲಿಸಿ “ಇರ್ಕಬ್, ಇರ್ಕಬ್”, ಹತ್ತು, ಹತ್ತು ಎಂದು ಒತ್ತಾಯಿಸುವವರೇ. ಬೇಡವೆಂದರೆ ನೀರಿನ ಬಾಟಲಿ, ಖರ್ಜೂರ. ಒಬ್ಬನಂತೂ ಆಡಿನ ಮರಿ ಕೂತಿದ್ದ ಸೀಟಿನಿಂದ ಮರಿಯನ್ನೇ ಇಳಿಸಿ ಜಾಗ ಮಾಡಿಕೊಟ್ಟ. “ಮದೀನಕ್ಕೆ ನಡೆಯುವುದು ಸುಲಭ. ಇವರ ಕೈಯಿಂದ ತಪ್ಪಿಸಿಕೊಳ್ಳುವುದೇ ಕಷ್ಟ” ಎಂದು ಅಝೀಝಾಕ ಹೊಟ್ಟೆ ಕುಣಿಸಿ ನಕ್ಕರು.

ತಿರುಗಿ ಬಂದು ಅಂಗಡಿಯ ಮುಂದೆ ಕೂತು ಅವರು ಕಾಲು ಚಾಚುವುದು, ಕೊರಗಪ್ಪ ಮೊಬೈಲಿನ ಬೆಳಕು ಹಿಡಿದು ಅಂಗಾಲು ನೋಡುವುದು.

“ಎಂತ ಉಂಟಾ?”

“ಎಂತದೂ ಇಲ್ಲ. ದುಆಳ ಕೆನ್ನೆಯ ಹಾಗೆ ಉಂಟು.”

ಊರಿನಿಂದ ಅಝೀಝಾಕನ ಹೆಂಡತಿ ರುಖಿಯಮ್ಮ ಒಂದು ದಿನ ಕೊರಗಪ್ಪನೊಡನೆಯೇ ಮಾತಾಡಿದರು. “ನನ್ನ ಮಾತು ಅವರು ಕೇಳುವುದಿಲ್ಲ ಅಣ್ಣ. ನೀವಿದ್ದೀರಿ ಅಂತ ಒಪ್ಪಿದ್ದು ನಾನು.” ರಿಯಾದಿನ ಮಲಾಜ್ ಬಡಾವಣೆಯಲ್ಲಿದ್ದ ಅಳಿಯ ಅಫ್ರೀದ್, ಬೇಕಾದರೆ ನಾನೇ ರಜೆ ಹಾಕಿ ಬರುತ್ತೇನೆ ಮಾವ ಎಂದಿದ್ದ. ಕೊರಗಪ್ಪ ಇರುವಾಗ ನೀನು ಯಾಕೆ ಎಂದು ಅಝೀಝಾಕ ಬೇಡವೆಂದರು.

ಕೊರಗಪ್ಪ ಮಾಡಬೇಕಾಗಿದ್ದದ್ದು ಒಂದೇ ಕೆಲಸ. ತೋಟದ ಮುದೀರನ, ಅಂದರೆ ಮ್ಯಾನೇಜರನ, ಹತ್ತಿರ ರಜೆ ಕೇಳುವುದು. ಮುದೀರ್ ಜೋರ್ಡಾನಿನವನು, ಹುಬ್ಬು ದಪ್ಪ, ಮಾತು ಕಡಿಮೆ. ಇವತ್ತು ಕೇಳುವಾ ಎಂದು ಹೋದರೆ ಅವನು ಫೋನಿನಲ್ಲಿರುತ್ತಿದ್ದ. ನಾಳೆ ಕೇಳುವಾ ಎಂದರೆ ಹುಬ್ಬು ಗಂಟಿಕ್ಕಿರುತ್ತಿತ್ತು. ‘ಇಲ್ಲ’ ಎಂದು ಹೇಳಲು ಬಾರದವನಿಗೆ ‘ಇಲ್ಲ’ ಎಂಬುದನ್ನು ಕೇಳಿಸಿಕೊಳ್ಳುವ ಧೈರ್ಯವೂ ಇರುವುದಿಲ್ಲ. ದಿನಗಳು ಕಳೆದವು. ಕೊರಗಪ್ಪ ಕೇಳಲೇ ಇಲ್ಲ.

ಹೊರಡುವ ಮುಂಚಿನ ಸಂಜೆ ಅಂಗಡಿಗೆ ಹೋದ. ಅಝೀಝಾಕನ ಚೀಲ ತಯಾರಾಗಿತ್ತು. ಒಂದೇ ಬಗೆಯ ಎರಡು ಟೋಪಿ ತಂದಿಟ್ಟಿದ್ದರು, ಬಿಸಿಲಿಗೆ. ಇದರಲ್ಲಿ ಒಂದು ನಿನ್ನದು ಎಂದು ತಲೆಗೆ ಇಟ್ಟು ನೋಡಿದರು. ಕೊರಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಈಗ ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡ.

“ಹಾಗಾದ್ರೆ ನಾಳೆ ಸುಬ್ಹಿ ನಮಾಝ್ ಆದ ಕೂಡಲೇ” ಎಂದರು ಅಝೀಝಾಕ. “ಮುದೀರ್ ಎಂತ ಹೇಳಿದ?”

“ಸ್ವಲ್ಪ ಕೆಲಸ ಉಂಟು ಅವನದ್ದು… ನೋಡುವಾ.” ಕೊರಗಪ್ಪ ಎದ್ದು ನಿಂತ. ಚಹಾದ ಲೋಟ ಬದಿಗಿಟ್ಟ. “ಆಯ್ತು ಅಝೀಝಾಕ, ಬರ್ತೇನೆ.”

ಅಝೀಝಾಕನ ಮುಖ ಅರಳಿತು. ಅದನ್ನು ಕೊರಗಪ್ಪ ಕಂಡ. ತಾನು ಹೇಳಿದ್ದು ಹೊರಡುವ ಬರ್ತೇನೆ, ಅವರು ಕೇಳಿಸಿಕೊಂಡದ್ದು ಜೊತೆಗೆ ಬರುವ ಬರ್ತೇನೆ ಎಂಬುದು ಆ ಕ್ಷಣದಲ್ಲೇ ಅವನಿಗೆ ತಿಳಿಯಿತು. ತಿರುಗಿ ನಿಂತು ಒಂದು ಮಾತು ತಿದ್ದಬಹುದಿತ್ತು. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ರೂಮಿಗೆ ನಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಬಿಟ್ಟ ಮಾತಿಗೆ ಗಾದೆ ಏನಿದೆಯೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅವನು ಪಿವೋಟಿನ ಕೊನೆಯ ಚಕ್ರದ ಹತ್ತಿರ ಇದ್ದ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕೈಯಲ್ಲಿ ಗ್ರೀಸು ಇದೆ ಎಂದುಕೊಂಡ. ಮತ್ತೆ ಹೊಡೆದುಕೊಂಡಿತು. ಗ್ರೀಸು ಒರೆಸಿಕೊಳ್ಳುವ ಬಟ್ಟೆ ಹೆಗಲ ಮೇಲೆಯೇ ಇತ್ತು. ಬಿಸಿಲು ಏರುವವರೆಗೂ ಅಝೀಝಾಕ ಬಂಕಿನಲ್ಲಿ ಕಾದರೆಂದು ಆಮೇಲೆ ಅಲ್ಲಿನ ಬಂಗಾಳಿ ಹೇಳಿದ. ಕೇಳಿದವರಿಗೆಲ್ಲ, ಅವನು ಬರ್ತಾನೆ, ಹೇಳಿದ್ದಾನೆ ಎನ್ನುತ್ತಿದ್ದರಂತೆ.

ಸಂಜೆ ಕೊರಗಪ್ಪನೇ ಫೋನು ಮಾಡಿದ. ಅಝೀಝಾಕನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಮುದೀರ್ ಬಿಡ್ಲಿಲ್ವಾ? ಅಡ್ಡಿಲ್ಲ. ನಾನು ಮೆಲ್ಲ ನಡೀತೇನೆ. ಬಿಟ್ಟ ದಿನ ನೀನು ಬಸ್ಸು ಹತ್ತಿ ಬಂದು ಸೇರಿಕೋ.”

“ಆಯ್ತು” ಎಂದ ಕೊರಗಪ್ಪ.

ಅವರು ಮೆಲ್ಲಗೆ ನಡೆದರು. ರಾತ್ರಿಗೆ ಬಂಕುಗಳ ಮಸೀದಿಯಲ್ಲಿ ಮಲಗಿದರು. ಚೆಕ್‌ಪೋಸ್ಟಿನವರು ವಾಸದ ಪರವಾನಗಿ ಇಕಾಮಾ ನೋಡಿ, ನಮಗೂ ಪ್ರಾರ್ಥನೆ ಮಾಡಿ ಎಂದು ಹೇಳಿ ಬಿಟ್ಟರು. ತೈಮಾದಲ್ಲಿ ಎರಡು ದಿನ ಸುಮ್ಮನೆ ಕೂತರು, ಕೊರಗಪ್ಪ ಬಂದರೆ ತಪ್ಪಿಹೋಗಬಾರದೆಂದು. ಅಲ್ಲಿಂದ ಮಾಡಿದ ಫೋನಿನಲ್ಲಿ ಮರಳಿನ ಸುದ್ದಿ, ಕಪ್ಪು ಕಲ್ಲಿನ ಸುದ್ದಿ, ಒಂಟೆಯವನು ಕುಡಿಸಿದ ಹಾಲಿನ ಸುದ್ದಿ. ಕೊರಗಪ್ಪ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ: “ಕಾಲು ಹೇಗೆ ಉಂಟು?” ಅವರ ಉತ್ತರವೂ ಒಂದೇ: “ನೋವು ಎಂತದೂ ಇಲ್ಲ.” ನೋವಾಗದ ಕಾಲಿನಲ್ಲಿ ನೋವು ಎಲ್ಲಿಂದ ಬರಬೇಕು? ಇಬ್ಬರಿಗೂ ಅದು ಗೊತ್ತಿತ್ತು.

ಮದೀನದ ಹಾದಿಯ ಖೈಬರ್ ಊರು ದಾಟಿದ ಮೇಲೆ ಮರಳುಗಾಡಿನ ಬದೂ ಜನದ ಒಬ್ಬ ಮುದುಕ ಪಿಕಪ್ಪು ನಿಲ್ಲಿಸಿ “ಇರ್ಕಬ್” ಎಂದ. ಅಝೀಝಾಕ ಎಂದಿನಂತೆ ಬೇಡವೆಂದರು. ಮುದುಕ ಗಾಡಿಯಿಂದ ಇಳಿದು ಅವರ ಬಲಗಾಲಿನ ಬೂಟನ್ನೂ, ಅವರು ನಡೆದು ಬಂದ ಡಾಂಬರಿನ ಮೇಲಿನ ರಕ್ತದ ಕಲೆಯನ್ನೂ ತೋರಿಸಿದ. ಆಗಲೇ ಅವರಿಗೂ ಗೊತ್ತಾದದ್ದು. ಮದೀನಕ್ಕೆ ಅವರು ತಲುಪಿದ್ದು ಆ ಪಿಕಪ್ಪಿನಲ್ಲಿ, ಅದೂ ಆಸ್ಪತ್ರೆಗೆ. ಬಲಗಾಲಿನ ಐದೂ ಬೆರಳು ತೆಗೆದರು.

ಅಫ್ರೀದ್ ಹೋಗಿ ನೋಡಿಕೊಂಡ. ಕೊರಗಪ್ಪ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಗಾಯ ಒಣಗಿದ ಮೇಲೆ ಅಝೀಝಾಕ ಕಾಗದಪತ್ರ ಮುಗಿಸಲು ತಬೂಕಿಗೆ ಬಂದರು. ಊರಿನ ವಿಮಾನ ಹತ್ತುವ ದಿನ ಏರ್‌ಪೋರ್ಟಿಗೆ ಬಿಡುವವನು ನಾನೇ ಎಂದು ಕೊರಗಪ್ಪ ಹಟ ಹಿಡಿದ. ಅದಕ್ಕಾಗಿ ಮೊದಲ ಸಲ ಮುದೀರನ ಎದುರು ನಿಂತು ಅರ್ಧ ದಿನ ರಜೆ ಕೇಳಿದ, ಯಾಕೆಂದೂ ಹೇಳಿದ. ಮುದೀರ್ ರಜೆ ಕೊಟ್ಟ. ಆ ತಿಂಗಳು ಎರಡು ಪಿವೋಟು ನಿಂತೇ ಇತ್ತಲ್ಲ, ನೀನು ಕೇಳಿದ್ದರೆ ಕಳಿಸುತ್ತಿದ್ದೆ, ಯಾಕೆ ಕೇಳಲಿಲ್ಲ ಎಂದ.

ಏರ್‌ಪೋರ್ಟಿನಲ್ಲಿ ಅಝೀಝಾಕನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದರು. ಬಲಗಾಲಿಗೆ ದೊಡ್ಡ ಚಪ್ಪಲಿ. ಕೊರಗಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅದರ ಪಟ್ಟಿ ಸರಿ ಮಾಡಿದ. ಬಟ್ಟೆ ಸುತ್ತಿದ ಕಾಲನ್ನು ನೋಡಿದ. ಎಂತ ಉಂಟಾ ಎಂದು ಅವರು ಕೇಳಲಿಲ್ಲ.

“ಮದೀನದಲ್ಲಿ ಸಲಾಂ ಹೇಳಿ ಬಂದೆ, ಗಾಲಿ ಕುರ್ಚಿಯಲ್ಲೇ” ಎಂದರು. “ಅಲ್ಲಾಹು ಒಪ್ಪಿಕೊಳ್ಳಲಿ. ನೀನು ಅದನ್ನೇ ಮನಸ್ಸಲ್ಲಿ ಇಟ್ಟುಕೊಳ್ಬೇಡ.”

ಕುರ್ಚಿ ತಳ್ಳುವವನು ಬಂದ. ಅಝೀಝಾಕ ಕೊರಗಪ್ಪನ ಕೈ ಹಿಡಿದು, “ಹೋಗ್ತೇನೆ ಮಾರಾಯ” ಎಂದರು.

ಹಾಗೆ ಹೇಳಬಾರದು, ಬರ್ತೇನೆ ಅನ್ನಿ ಎಂದು ಕೊರಗಪ್ಪನಿಗೆ ನಾಲಗೆಯ ತುದಿಗೆ ಬಂತು. ಹೇಳುವ ಅಧಿಕಾರ ತನಗೆಲ್ಲಿ ಉಳಿದಿದೆ ಎಂದುಕೊಂಡ.

ವಾರ ಕಳೆದು ರುಖಿಯಮ್ಮನ ಫೋನು ಬಂತು. ಸಂಜೆ ಹೊತ್ತು, ಅಂಗಡಿಯಲ್ಲಿ ಈಗ ಬೇರೆ ಯಾರೋ ಕೂತಿದ್ದರು. ಕೊರಗಪ್ಪ ಬಂಕಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ.

“ನಿಮ್ಮ ಕಾಲು ಹೇಗೆ ಉಂಟು ಅಣ್ಣ?” ಎಂದರು ರುಖಿಯಮ್ಮ.

ಅವನಿಗೆ ಅರ್ಥವಾಗಲಿಲ್ಲ.

“ಅಷ್ಟು ದೂರ ನೀವೂ ನಡೆದದ್ದಲ್ವಾ? ಇವರು ಎಲ್ಲ ಹೇಳಿದ್ರು. ರಕ್ತ ಮೊದಲು ಕಂಡದ್ದು ನೀವು, ಗಾಡಿ ನಿಲ್ಲಿಸಿದ್ದು ನೀವು. ಕೊರಗಪ್ಪ ಇಲ್ಲದಿದ್ರೆ ಇಡೀ ಕಾಲೇ ಹೋಗ್ತಿತ್ತು ಅಂದ್ರು.”

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಅದರ ಸದ್ದು ಮುಗಿಯುವವರೆಗೆ ಕೊರಗಪ್ಪನಿಗೆ ಸಮಯ ಸಿಕ್ಕಿತು. ‘ಆಯ್ತು’ ಎನ್ನಬಹುದಿತ್ತು. ‘ನೋಡುವಾ’ ಎನ್ನಬಹುದಿತ್ತು. ‘ಬರ್ತೇನೆ’ ಎಂದು ಫೋನು ಇಟ್ಟುಬಿಡಬಹುದಿತ್ತು.

“ಇಲ್ಲ” ಎಂದ. ಆ ಮಾತು ಅವನ ಬಾಯಿಗೇ ಹೊಸದಾಗಿತ್ತು. “ನಾನು ನಡೆಯಲಿಲ್ಲ ರುಖಿಯಮ್ಮ. ಒಂದು ಹೆಜ್ಜೆಯೂ ಹೋಗಲಿಲ್ಲ. ಬರ್ತೇನೆ ಅಂತ ಹೇಳಿ ಇಲ್ಲೇ ಕೂತಿದ್ದೆ.”

ಆಚೆ ಮಗುವೊಂದು ಏನೋ ಕೂಗುತ್ತಾ ಓಡಿದ್ದು ಕೇಳಿಸಿತು, ದುಆ ಇರಬೇಕು.

“ಗೊತ್ತುಂಟು ಅಣ್ಣ” ಎಂದರು ರುಖಿಯಮ್ಮ ಮೆಲ್ಲಗೆ. “ನಿಮ್ಮ ಬಾಯಿಂದ ಕೇಳುವಾ ಅಂತ ಹಾಗೆ ಹೇಳಿದ್ದು. ಎಚ್ಚರ ಇರುವಾಗ ಇವರು ನಿಮ್ಮನ್ನು ಬಿಟ್ಟುಕೊಡುವುದಿಲ್ಲ. ನಿದ್ದೆಯಲ್ಲಿ ಮಾತ್ರ ದಿನಾ ಕೇಳ್ತಾರೆ, ಕೊರಗಪ್ಪ ಬಂದನಾ ಅಂತ.”