ಖಾಸಬಾಗದ ಅನ್ಸಾರರು

ಬೆಳಗಾವಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ, ನಾನು ಖರೇ ಮುಸಲ್ಮಾನಳೋ ಅಲ್ಲವೋ ಎನ್ನುವುದು. ಕೇಳಿದವರು ಪೊಲೀಸರಲ್ಲ, ಖಾಸಬಾಗದ ಒಬ್ಬ ಹಾಜಿಯವರ ಹೆಂಡತಿ. ಬಾಡಿಗೆಗೆ ಮನೆ ಉಂಟಾ ಎಂದು ವಿಚಾರಿಸಲು ಹೋಗಿದ್ದೆ. ಅವರು ಉರ್ದುವಿನಲ್ಲಿ ಏನೋ ಅಂದರು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ನನ್ನ ತಲೆಯ ಮೇಲಿನ ಶಾಲನ್ನೂ ಮುಖವನ್ನೂ ಎರಡೆರಡು ಸಲ ನೋಡಿ, "ಉರ್ದು ಬರಂಗಿಲ್ಲಾ? ಮತ್ತ ನಮಾಜು ಯಾವ ಭಾಷಾದಾಗ ಮಾಡ್ತೀರಿ?" ಎಂದು ಕೇಳಿದರು. ಅರಬ್ಬಿಯಲ್ಲಿ, ನಿಮ್ಮ ಹಾಗೆಯೇ, ಅಂದೆ. ಬಾಗಿಲು ಹಾಕಿಕೊಂಡರು.

ಕರಾವಳಿಯ ನನ್ನ ಓದುಗರಿಗೆ ಇದು ವಿಚಿತ್ರ ಅನಿಸಬಹುದು. ನಾವು ಬ್ಯಾರಿಗಳು, ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಉರ್ದು ಬಾರದಿದ್ದರೆ ದೀನಿಗೆ, ಅಂದರೆ ಧರ್ಮಕ್ಕೆ, ಏನೋ ಕಮ್ಮಿ ಆಯಿತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಮುಸಲ್ಮಾನರು ನನ್ನನ್ನು ಅರ್ಧ ಮುಸಲ್ಮಾನಳು ಅಂದರು. ಖಾನಾಪುರದ ನನ್ನ ಶಾಲೆಯ ಮಕ್ಕಳು ಅರ್ಧ ಕನ್ನಡದವಳು ಅಂದರು. ನಾನು ಅಲ್ಲಿನ ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರ್. ಮನೆಯಲ್ಲಿ ಮರಾಠಿ ಮಾತಾಡುವ ಆ ಮಕ್ಕಳಿಗೆ ಬೆಳಗಾವಿ ಕನ್ನಡವೇ ಕನ್ನಡ, ನಾನು "ಪುಸ್ತಕ ಉಂಟಾ?" ಎಂದರೆ ಇಡೀ ಕ್ಲಾಸು ನಗುತ್ತಿತ್ತು. ಪಾಠ ಹೇಳುವವಳಿಗೇ ಭಾಷೆ ಬರುವುದಿಲ್ಲ ಎಂಬ ಅವರ ಅಭಿಪ್ರಾಯ ಒಂದು ವರ್ಷ ಬದಲಾಗಲಿಲ್ಲ.

ನನಗೆ ಬೆಳಗಾವಿ ಇಷ್ಟವಾಗಲಿಲ್ಲ. ಸುಳ್ಳು ಯಾಕೆ ಬರೆಯಲಿ? ಕ್ಯಾಂಪಿನ ದೊಡ್ಡ ಮರಗಳು, ಹಳೆಯ ಬಂಗಲೆಗಳು, ಆ ಕುಂದಾ, ಎಲ್ಲ ಚಂದವೇ. ಆದರೆ ಕುಚ್ಚಲಕ್ಕಿ ಗಂಜಿಯಿಲ್ಲದ ಬೆಳಗ್ಗೆ ನನ್ನ ಹೊಟ್ಟೆಗೆ ಬೆಳಗ್ಗೆಯೇ ಅಲ್ಲ. ಮೀನು ಅಂದರೆ ಇಲ್ಲಿ ಐಸಿನಲ್ಲಿ ಸತ್ತು ಬಹಳ ದಿನವಾದದ್ದು. ಜೋಳದ ರೊಟ್ಟಿ ನುಂಗಲು ಕಲಿಯುವಷ್ಟರಲ್ಲಿ ನನ್ನ ದವಡೆಗೆ ನೋವು ಬಂತು.

ಇದೆಲ್ಲ ನಾನು ಸಹಿಸಬಲ್ಲೆ. ಸಹಿಸಲಾಗದ್ದು ಒಂದೇ, ನನ್ನ ಮಗಳು ಅಫ್ರಾ ನನ್ನ ಹತ್ತಿರ ಇರಲಿಲ್ಲ. ತಲಾಖ್ ಆಗಿ ಆಗ ಮೂರು ವರ್ಷ. ಆಗಸ್ಟಿನಲ್ಲಿ ಕೆಲಸಕ್ಕೆ ಸೇರುವಾಗ ಏಳು ವರ್ಷದ ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದೆ. ಕ್ಯಾಂಪಿನಲ್ಲಿ ನಾನಿದ್ದ ಹೆಂಗಸರ ಹಾಸ್ಟೆಲಿನಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ಅವಳ ಅಪ್ಪನ ಮನೆಯವರು ಊರ ಹಿರಿಯರ ಮುಂದೆ ಒಂದು ಮಾತು ಇಟ್ಟಿದ್ದರು: ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಇವಳು ಸ್ವಂತ ಬಿಡಾರ ಮಾಡಬೇಕು, ಇಲ್ಲದಿದ್ದರೆ ಹುಡುಗಿ ನಮ್ಮ ಮನೆಗೆ. ಹಿರಿಯರು ತಲೆಯಾಡಿಸಿದ್ದರು. ನನ್ನ ಕಡೆ ನೋಡಿ ಕೂಡ ತಲೆಯಾಡಿಸಿದ್ದರು.

ಮನೆ ಹುಡುಕಲು ನನ್ನ ಜೊತೆ ಬಂದದ್ದು ಸುಲೋಚನಾ ಬಾಯಿ. ಶಾಲೆಯಲ್ಲಿ ಗಣಿತ ಹೇಳುವವರು, ಬೆಳಗಾವಿಯಲ್ಲೇ ಅವರ ಮನೆ, ಮಾತು ಅರ್ಧ ಮರಾಠಿ ಅರ್ಧ ಕನ್ನಡ. ಶಾಲೆ ಬಿಟ್ಟು ಖಾನಾಪುರದ ಬಸ್ಸಿನಲ್ಲಿ ಬಂದಿಳಿದ ಮೇಲೆ ತಮ್ಮ ಸ್ಕೂಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಓಣಿ ಓಣಿ ಸುತ್ತಿಸುತ್ತಿದ್ದರು. ಹಿಂದೂಗಳ ಮನೆಗಳಲ್ಲಿ ನನ್ನ ಹೆಸರು ಕೇಳಿದ ಮೇಲೆ ಖೋಲಿ, ಅಂದರೆ ಕೋಣೆ, ನಿನ್ನೆಯೇ ಯಾರಿಗೋ ಹೋಗಿದೆ ಎಂದು ಅವರಿಗೆ ನೆನಪಾಗುತ್ತಿತ್ತು. ಮುಸಲ್ಮಾನರ ಓಣಿಯಲ್ಲಿ ಬಾಯಿ, "ನಾ ಬಾಜೂಕ ನಿಂದರ್ತೀನಿ, ನನ್ನ ನೋಡಿ ಮತ್ತೇನರೆ ಅಂದಾರು" ಎಂದು ಬೇವಿನ ಮರದಡಿ ಸ್ಕೂಟಿ ನಿಲ್ಲಿಸಿ ಕಾಯುತ್ತಿದ್ದರು. ಅಲ್ಲಿ ಪ್ರಶ್ನೆ ಬೇರೆ. "ಒಬ್ಬಾಕೀನ ಇರಾಕಿ ಏನ್ರಿ? ಗಂಡಸರು ಯಾರೂ ಇಲ್ಲಾ?" ತಲಾಖ್ ಎಂಬ ಪದ ಕೇಳಿದ ಮೇಲೆ ಚಹಾ ಕುಡಿದು ಹೋಗ್ರಿ ಅನ್ನುವವರೂ ಇರಲಿಲ್ಲ. ಬಾಯಿ ಮಾತ್ರ, "ಬರ್ರಿ, ಆ ಕಡೀ ಓಣಿ ಉಳದೈತಿ, ನೋಡೇ ಬಿಡೂಣು" ಎಂದು ಮತ್ತೆ ಗಾಡಿ ಹತ್ತುತ್ತಿದ್ದರು.

ಅಷ್ಟರಲ್ಲಿ ನನಗೆ ಶಾಹಿನ್ ಆಪಾ ಅವರ ಪರಿಚಯವಾಯಿತು. ಆಪಾ ಎಂದರೆ ಅಕ್ಕ. ಐವತ್ತರ ಹತ್ತಿರದ ವಿಧವೆ, ಖಾಸಬಾಗದಲ್ಲಿ ಸ್ವಂತ ಮನೆ. ಪ್ರತಿ ಐತವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಹೆಂಗಸರಿಗೆ ದರ್ಸ್, ಅಂದರೆ ಧರ್ಮಪಾಠ. ಆ ವರ್ಷ ಪ್ರವಾದಿಯವರ ಜೀವನಚರಿತ್ರೆ ಶುರುವಾಗಿತ್ತು. ದಖ್ಖನಿ ಉರ್ದುವಿನಲ್ಲಿ ಒಮ್ಮೆ ಹೇಳಿ, ಕಾಲೇಜು ಹುಡುಗಿಯರಿಗಾಗಿ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಪಾಠದ ಕೊನೆಗೆ ಒಂದು ರೂಢಿ ಇತ್ತು. ಪ್ರತಿಯೊಬ್ಬಳೂ ಈ ವಾರ ತಾನು ಮಾಡುವ ಒಂದು ಅಮಲ್, ಅಂದರೆ ಆಚರಣೆ, ಎಲ್ಲರ ಮುಂದೆ ಹೇಳಬೇಕು. ಒಬ್ಬಳು ಚಾಡಿ ಹೇಳುವುದು ಬಿಡುತ್ತೇನೆ ಅನ್ನುತ್ತಿದ್ದಳು, ಇನ್ನೊಬ್ಬಳು ಅತ್ತೆಗೆ ಎದುರಾಡುವುದಿಲ್ಲ ಅನ್ನುತ್ತಿದ್ದಳು. ಹೇಳಿದ ಮೇಲೆ ಮುಗಿಯಿತು, ತಪ್ಪಿಸುವಂತಿಲ್ಲ. ಮುಂದಿನ ವಾರ ಆಪಾ ವಿಚಾರಿಸುತ್ತಿದ್ದರು.

ಆಪಾ ಅವರ ಮನೆಯ ಮಹಡಿ ಖಾಲಿ ಇತ್ತು. ಎರಡು ಖೋಲಿ, ಒಂದು ಅಡಿಗೆಮನೆ. ಕೇಳಿದಾಗ, "ತಮ್ಮ ಪುಣೇದಿಂದ ಬರಾಂವ ಅದಾನ್ರಿ" ಅಂದರು. ಆಮೇಲೆ ನನ್ನ ಬೆನ್ನು ಸವರಿ, "ಸಬರ್ ಮಾಡ್ರಿ" ಅಂದರು. ಸಬರ್ ಎಂದರೆ ತಾಳ್ಮೆ. ಈ ಊರಿನಲ್ಲಿ ಮನೆಗೆ ಬದಲಾಗಿ ಪುಕ್ಕಟೆ ಸಿಗುವ ವಸ್ತು ಅದೊಂದೇ.

ಒಂದು ಐತವಾರ ಉಮ್ಮು ಸಲಮಾ ಅವರ ಕತೆ ಬಂತು. ಗಂಡ ಹೆಂಡತಿ ಎಳೆಯ ಮಗನನ್ನು ಕರೆದುಕೊಂಡು ಮಕ್ಕಾದಿಂದ ಮದೀನಾಕ್ಕೆ ಹೊರಟಾಗ ಅವಳ ತವರಿನವರು ಅವಳನ್ನು ಹಿಡಿದಿಟ್ಟರು, ಗಂಡನ ಕುಲದವರು ಮಗುವನ್ನು ಕಿತ್ತುಕೊಂಡರು, ಗಂಡ ಒಬ್ಬನೇ ಹೋದ. ಅವಳು ಸುಮಾರು ಒಂದು ವರ್ಷ ದಿನಾ ಬೆಳಗ್ಗೆ ಬಯಲಿಗೆ ಬಂದು ಕೂತು ಸಂಜೆಯವರೆಗೆ ಅಳುತ್ತಿದ್ದಳು. ಆಪಾ ಹೇಳಿದರು, ನೋಡ್ರಿ ಆಕಿ ಸಬರ್ ಎಷ್ಟಿತ್ತು. ಮಗ ಸಿಕ್ಕ, ಮದೀನಾ ಮುಟ್ಟಿದಳು, ಪಾಠ ಮುಗಿಯಿತು.

ಮುಗಿಯಲಿಲ್ಲ. ಆ ಕತೆ ನನಗೆ ಮದರಸಾದ ಕಾಲದಿಂದ ಗೊತ್ತು. ಅವಳು ಮನೆಯ ಮೂಲೆಯಲ್ಲಿ ಕೂತು ಅತ್ತಿದ್ದರೆ ಮಗ ಸಿಗುತ್ತಿರಲಿಲ್ಲ. ನಾಲ್ಕು ಜನ ಓಡಾಡುವ ಕಡೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅತ್ತಳು. ಕೊನೆಗೆ ಅವಳ ಕುಲದ ಒಬ್ಬ ಮನುಷ್ಯನಿಗೆ ಮರುಕ ಬಂದು ತನ್ನವರ ಹತ್ತಿರ ಮಾತಾಡಿದ. ಇನ್ನೂ ಒಂದುಂಟು. ಮಗನನ್ನು ಎತ್ತಿಕೊಂಡು ಒಬ್ಬಳೇ ಒಂಟೆ ಹತ್ತಿ ಹೊರಟವಳ ಜೊತೆಗೆ ದಾರಿಯುದ್ದಕ್ಕೂ ಒಂಟೆಯ ಹಗ್ಗ ಹಿಡಿದು ನಡೆದವನು ಉಸ್ಮಾನ್ ಬಿನ್ ತಲ್ಹಾ. ಆಗ ಅವನು ಮುಸಲ್ಮಾನನೇ ಆಗಿರಲಿಲ್ಲ. ಅವಳು ಇಳಿಯುವಾಗ ದೂರ ಹೋಗಿ ಮರದಡಿ ಇರುತ್ತಿದ್ದ. ಅವಳ ಗಂಡ ಇದ್ದ ಹಳ್ಳಿಯನ್ನು ತೋರಿಸಿ, ಬಂದ ದಾರಿಯಲ್ಲೇ ಮಕ್ಕಾಕ್ಕೆ ಮರಳಿದ. ಆಪಾ ಅವನನ್ನು ಪಾಠದಿಂದ ಬಿಟ್ಟೇ ಬಿಟ್ಟರು. ನಾನು ಯಾರ ಸ್ಕೂಟಿಯ ಹಿಂದೆ ಕೂತು ಊರು ಸುತ್ತುತ್ತಿದ್ದೇನೆಂದು ಆ ಪಡಸಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆ ಶುರುವಾಗುವ ಮೊದಲಿನ ಐತವಾರ ಅನ್ಸಾರರ ಪಾಠ. ಮಕ್ಕಾದಿಂದ ಬರಿಗೈಯಲ್ಲಿ ಬಂದವರಿಗೆ ಆಸರೆ ಕೊಟ್ಟ ಮದೀನಾದ ಜನರೇ ಅನ್ಸಾರರು. ಪ್ರವಾದಿಯವರು, ಹಾಗೆ ಬಂದ ಒಬ್ಬೊಬ್ಬನನ್ನೂ ಊರಿನ ಒಬ್ಬೊಬ್ಬನಿಗೆ ಅಣ್ಣತಮ್ಮಂದಿರಾಗಿ ಜೋಡಿಸಿದರು. ಸಅದ್ ಎಂಬ ಅನ್ಸಾರಿ ತನ್ನ ಪಾಲಿಗೆ ಬಂದ ಅಬ್ದುರ್ರಹಮಾನರಿಗೆ, ನನ್ನ ಆಸ್ತಿಯಲ್ಲಿ ಅರ್ಧ ನಿನ್ನದು ಅಂದ. ಅಬ್ದುರ್ರಹಮಾನರು ಬೇಡ ಅಂದು, ಪೇಟೆಗೆ ದಾರಿ ಯಾವುದು ತೋರಿಸು ಅಂದರು.

"ಕೇಳಿದ್ರ್ಯಾ?" ಅಂದರು ಆಪಾ. "ವಲಸಿ ಬಂದಾವ್ರು ಹಿಂಗ ಸ್ವಾಭಿಮಾನದಿಂದ ಇರಬೇಕು. ಇನ್ನೊಬ್ಬರ ಮನಿ ಮ್ಯಾಲೆ ಕಣ್ಣಿಡಬಾರದು."

ನನ್ನ ಮೈಯೆಲ್ಲ ಉರಿದುಹೋಯಿತು. ಓದುವುದು ಶಾಸ್ತ್ರ, ಹಾಕುವುದು ಗಾಳ ಎಂದು ನಮ್ಮಲ್ಲಿ ಸುಮ್ಮನೆ ಹೇಳುತ್ತಾರೆಯೇ? ಅಮಲ್ ಹೇಳುವ ಹೊತ್ತು ಬಂತು. ಒಬ್ಬೊಬ್ಬರದೇ ಆಗಿ ನನ್ನ ಸರದಿ.

"ನನ್ನ ಅಮಲ್ ಇವತ್ತು ಬೇಡ ಆಪಾ, ನಿಮ್ಮದು ಹೇಳಿ," ಅಂದೆ. "ಅಬ್ದುರ್ರಹಮಾನರು ಬೇಡ ಅಂದದ್ದು ಹೌದು. ಆದರೆ ಬೇಡ ಅನ್ನಬೇಕಾದರೆ ಮೊದಲು ಯಾರಾದರೂ ತಕೋ ಅನ್ನಬೇಕಲ್ಲ? ಆ ಸಅದ್ ಇಲ್ಲಿ ಯಾರು? ನಿಮ್ಮ ಮಹಡಿಯ ಬೀಗಕ್ಕೆ ತುಕ್ಕು ಹಿಡಿಯುವುದನ್ನು ಪ್ರತಿ ವಾರ ನೋಡ್ತಾ ಇದ್ದೇನೆ. ಪುಣೆಯ ನಿಮ್ಮ ತಮ್ಮ ಇಷ್ಟು ಹೊತ್ತಿಗೆ ನಡೆದುಕೊಂಡೇ ಬಂದು ಮುಟ್ಟಬಹುದಿತ್ತು. ಜೂನಿನೊಳಗೆ ಮನೆ ಇಲ್ಲದಿದ್ದರೆ ನನ್ನ ಮಗಳು ನನಗಿಲ್ಲ. ಸಬರ್ ಮಾಡು ಅಂತ ಮತ್ತೆ ಹೇಳಬೇಡಿ."

ರೂಢಿ ಮುರಿದಿದ್ದೆ. ತನ್ನ ಅಮಲ್ ಬಿಟ್ಟು ಇನ್ನೊಬ್ಬರದನ್ನು ಹೇಳಿದವರು ಅಲ್ಲಿ ಇರಲಿಲ್ಲ, ಅದೂ ಹೇಳಿಕೊಡುವವರದನ್ನು. ಯಾರೋ "ತೌಬಾ" ಅಂದರು. ಆಪಾ ಅವರ ಮುಖ ಕೆಂಪಾಯಿತು. ಎಲ್ಲರಿಗೂ ಚಹಾ ಬಂತು, ನನಗೆ ಬರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಕ್ಯಾಂಪಿನವರೆಗೆ ನಡೆದೇ ಹೋದೆ. ಇದ್ದ ಒಂದು ಬಾಗಿಲನ್ನೂ ಕೈಯಾರೆ ಮುಚ್ಚಿಕೊಂಡೆನಲ್ಲ ಎಂದು ದಾರಿಯಲ್ಲಿ ನನ್ನನ್ನೇ ಬೈದುಕೊಂಡೆ.

ಬುಧವಾರ ಮಧ್ಯಾಹ್ನ ಪರೀಕ್ಷೆಯ ಕೋಣೆಯಿಂದ ಹೊರಬಂದರೆ ಖಾನಾಪುರದ ಶಾಲೆಯ ಪಡಸಾಲೆಯಲ್ಲಿ ಆಪಾ ನಿಂತಿದ್ದರು. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರಂತೆ, ಬುರ್ಖಾ ಬೆವರಿಗೆ ಒದ್ದೆ. ಸುಲೋಚನಾ ಬಾಯಿ ನೀರು ಕೊಟ್ಟು ಕುರ್ಚಿ ತಂದಿಟ್ಟು, "ಕುಂದರ್ರಿ" ಅಂದರು. ಆಪಾ ನೀರು ಕುಡಿದರು, ಕೂರಲಿಲ್ಲ.

"ನನ್ನ ಮಂದಿ ಮುಂದ ನನ್ನ ಮಾನಾ ಕಳದ್ರಿ," ಅಂದರು ನನಗೆ. "ನಿಮಗ ನಾ ಮಾಫ್ ಮಾಡಂಗಿಲ್ಲ."

"ಸರಿ," ಅಂದೆ.

"ತಮ್ಮ ಬರಾಂವ ಅಂದದ್ದು ಸುಳ್ಳು."

"ಅದು ಗೊತ್ತುಂಟು."

"ಒಬ್ಬಾಕಿ ಹೆಂಗಸನ್ನ ಇಟಗೊಂಡ್ರ ಓಣಿ ಮಂದಿ ಏನಂತಾರ ಅಂತ ಹೆದರಿದ್ದೆ. ನಾನೂ ಒಬ್ಬಾಕೀನ ಅದೀನಿ, ಅದ ನನಗ ನೆಪ್ಪ ಆಗಲಿಲ್ಲ." ಬುರ್ಖಾದೊಳಗಿಂದ ಬೀಗದ ಕೈ ತೆಗೆದರು. "ತಗೋರಿ ಚಾವಿ. ನಿಮ್ಮ ಮ್ಯಾಲಿನ ಪ್ರೀತಿಗೆ ಕೊಡಾಕತ್ತಿಲ್ಲ. ಕೊಡದಿದ್ರ ಬರೂ ಐತವಾರ ಅನ್ಸಾರರ ಹೆಸರು ತಗೊಳ್ಳಾಕ ನನಗ ಬಾಯಿ ಬರಂಗಿಲ್ಲ. ಮಾಳಗಿ ಮ್ಯಾಲೆ ಒಣಮೀನ ಸುಡಬ್ಯಾಡ್ರಿ."

ಮುಂದಿನ ಬಸ್ಸಿಗೆ ಹೋದರು. ಅನ್ಸಾರರನ್ನು ನಾನು ಯಾವಾಗಲೂ ನಗುಮುಖದವರೆಂದೇ ಕಲ್ಪಿಸಿಕೊಂಡಿದ್ದೆ. ಅವರಲ್ಲೂ ಮುಖ ಗಂಟುಹಾಕಿಕೊಂಡು ಬಾಗಿಲು ತೆರೆದವರು ಇದ್ದಿರಬಹುದು. ಪ್ರೀತಿ ಇದ್ದಾಗ ಯಾರಾದರೂ ಕೊಡುತ್ತಾರೆ. ಸಿಟ್ಟು ಇಳಿಯುವ ಮೊದಲೇ ಕೊಡುವುದಕ್ಕೆ ಈಮಾನು, ಅಂದರೆ ದೇವರ ಮೇಲಿನ ನಂಬಿಕೆ, ಬೇಕು. ಆಪಾ ಅವರ ಅಷ್ಟೂ ಪಾಠಗಳಲ್ಲಿ ನಾನು ಕಲಿತದ್ದು, ಆ ದಿನ ಕುರ್ಚಿಯಲ್ಲಿ ಕೂರದೆ ಅವರು ಹೇಳಿದ ಈ ಒಂದನ್ನೇ.

ಮೇ ತಿಂಗಳಲ್ಲಿ ಅಫ್ರಾ ಬಂದಳು. ಮೊದಲ ವಾರವೇ ಅವಳಿಗಾಗಿ ಒಣಮೀನು ಸುಟ್ಟೆ, ಕೆಳಗಿನಿಂದ ಬೈಗುಳ ಬಂತು. ಎರಡು ವರ್ಷದಲ್ಲಿ ನಾನೂ ಆಪಾನೂ ನೀರು, ಕರೆಂಟು, ಬೀಗದ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ, ಐತವಾರದ ಪಾಠ ಮಾತ್ರ ನಾನು ತಪ್ಪಿಸಿಲ್ಲ. ಓಣಿಯಲ್ಲಿ ಯಾರಾದರೂ ವಿಚಾರಿಸಿದರೆ ನಾನು ಇವತ್ತಿಗೂ "ಮ್ಯಾಲಿನಾಕಿ". ಅಫ್ರಾಳ ಲೆಕ್ಕ ಬೇರೆ. ಮೂರು ತಿಂಗಳಲ್ಲಿ ದಖ್ಖನಿ ಕಲಿತು ಕೆಳಗೇ ಠಿಕಾಣಿ ಹೂಡಿದಳು. ಆಪಾ ಅವಳ ತಲೆ ಬಾಚುತ್ತಾರೆ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಾರೆ. ರಜೆಯಲ್ಲಿ ಊರಿಗೆ ಹೋದರೆ ಇವಳು ಕುಚ್ಚಲಕ್ಕಿ ಗಂಜಿ ಮುಟ್ಟುವುದಿಲ್ಲ. ಅಕ್ಕ ನನ್ನ ಮುಖ ನೋಡುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಈಗ ವರ್ಗಾವಣೆಗೆ ಅರ್ಜಿ ಕರೆದಿದ್ದಾರೆ. ನಮ್ಮ ತಾಲೂಕಿನಲ್ಲಿ ಒಂದು ಹುದ್ದೆ ಖಾಲಿ ಉಂಟು. ಫೋನಿನಲ್ಲಿ ಅಕ್ಕ ಅತ್ತೇಬಿಟ್ಟಳು. ಆಪಾಗೆ ಹೇಳಿದಾಗ, "ಹೌದಾ?" ಅಂದು ಒಳಗೆ ಹೋದರು.

ಕಳೆದ ಐತವಾರದ ಪಾಠ ಮಕ್ಕಾ ಮುಸಲ್ಮಾನರ ಕೈಗೆ ಬಂದದ್ದು. ಪ್ರವಾದಿಯವರು ಹುಟ್ಟಿದ ಊರಿಗೆ ಮರಳಿದ್ದರು, ತಡೆಯುವವರು ಯಾರೂ ಉಳಿದಿರಲಿಲ್ಲ. ಆಗ ಅನ್ಸಾರರು ತಮ್ಮತಮ್ಮೊಳಗೆ ಪಿಸುಗುಟ್ಟಿದರಂತೆ, ಅವರ ಊರು ಅವರಿಗೆ ಸಿಕ್ಕಿತು, ಅವರ ಜನ ಸಿಕ್ಕಿದರು, ಇನ್ನು ನಮ್ಮ ಜೊತೆ ಯಾಕೆ ಬಂದಾರು ಎಂದು. ಇಷ್ಟು ಹೇಳಿ ಆಪಾ ನಿಲ್ಲಿಸಿದರು. ಪ್ರವಾದಿಯವರು ಅನ್ಸಾರರ ಜೊತೆಗೇ ಮದೀನಾಕ್ಕೆ ಹೋದರು, ಅಲ್ಲೇ ತೀರಿಕೊಂಡರು ಎನ್ನುವ ಮುಂದಿನ ಭಾಗ ಹೇಳಲಿಲ್ಲ. ಗಂಟಲು ಸರಿ ಇಲ್ಲ ಅಂದು ಎಲ್ಲರನ್ನೂ ಬೇಗ ಕಳಿಸಿದರು.

ಎಲ್ಲರೂ ಹೋದ ಮೇಲೆ ಮಹಡಿಯ ಮೆಟ್ಟಿಲ ಹತ್ತಿರ ನನ್ನನ್ನು ತಡೆದರು.

"ಅರ್ಜಿ ಹಾಕ್ರಿ," ಅಂದರು. "ನಾ ಇರ್ರಿ ಅನ್ನಂಗಿಲ್ಲ. ಇವತ್ತಿನ ಪಾಠ ಅದರ ಪಾಳಿಗೆ ತಾನ ಬಂತು, ನಾ ಬೇಕಂತ ತಂದದ್ದಲ್ಲ."

"ನಂಬುವುದು ಕಷ್ಟ ಉಂಟು," ಅಂದೆ.

ಅವರು ನಗಲಿಲ್ಲ. "ಹುಡುಗಿಗೆ ನೀವ ಹೇಳ್ರಿ. ನನಗ ಹೇಳಾಕ ಆಗಂಗಿಲ್ಲ." ಹಾಗೆಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು, ನನ್ನ ಮುಂದೆಯೇ.

ಅರ್ಜಿ ಹಾಕಿದ್ದೇನೆ. ಅಫ್ರಾಗೆ ಇನ್ನೂ ಹೇಳಿಲ್ಲ. ಈ ಊರು ನನಗೆ ಈಗಲೂ ಇಷ್ಟವಿಲ್ಲ, ಮೀನು ಈಗಲೂ ಹಳಸಲು. ಆದರೆ ನಮಾಜು ಮುಗಿಸಿ ಕೈ ಎತ್ತಿದಾಗ, ಆ ಹುದ್ದೆ ಸಿಗಲಿ ಎಂದು ಬೇಡುವುದೋ ಸಿಗದಿರಲಿ ಎಂದು ಬೇಡುವುದೋ ತಿಳಿಯದೆ, ಒಂದು ವಾರದಿಂದ ಏನೂ ಬೇಡದೆ ಕೈ ಇಳಿಸುತ್ತಿದ್ದೇನೆ.